ದ್ವೀಪಕ್ಕೆ ಹೊರಟವರ ಲೆಕ್ಕಾಚಾರ

ವಾಮಂಜೂರಿನ ಜಗಲಿಯಲ್ಲಿ ಕೂತು ಮಾಲ್ಡೀವ್ಸ್ ರೆಸಾರ್ಟಿನ ಫೋಟೋ ನೋಡುವವರ ಪಾಡು ವಿಚಿತ್ರ. ನೀಲಿ ನೀರು, ಬಿಳಿ ಮರಳು, ಎರಡು ತೆಂಗಿನ ಮರಗಳ ನಡುವೆ ಜೋಲುವ ಬಲೆಯುಯ್ಯಾಲೆ. "ತೆಂಗಿನ ಮರ ನೋಡ್ಲಿಕ್ಕೆ ಅಷ್ಟು ದುಡ್ಡಾ ಮಗಾ? ಹಿತ್ತಲಲ್ಲೇ ಉಂಟಲ್ಲ!" ಎನ್ನುತ್ತಾರೆ ಅಜ್ಜಿ. ಮಗನ ಬಳಿ ಉತ್ತರವಿಲ್ಲ.

ಜೂನ್‌ನಲ್ಲಿ ಬಾಡಿಗೆ ಅಗ್ಗವೆಂದು ಹಿಗ್ಗುವವರೂ ಇದ್ದಾರೆ. ಪಣಂಬೂರಿನಲ್ಲಿ ಸುರಿಯುವ ನೈರುತ್ಯ ಮುಂಗಾರು ಅಲ್ಲೂ ಸುರಿಯುತ್ತದೆ, ಪಾಪ!

ಹಾಗಾದರೆ ಲಕ್ಷದ್ವೀಪ? ಇಲ್ಲೊಂದು ತಮಾಷೆ ಉಂಟು. ಅಮಿನಿ, ಕಡ್ಮತ್, ಕಿಲ್ತಾನ್‌ಗಳೆಲ್ಲ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಈಗಲೂ ಹಳೆ ಬಂದರಿನಿಂದ ಜಲ್ಲಿ, ತರಕಾರಿ ಹೊತ್ತು ಮಂಜಿಗಳು ಹೊರಡುತ್ತವೆ. ಬಸಳೆ ಸಲೀಸಾಗಿ ತಲುಪೀತು; ತಿನ್ನುವವರಿಗೆ ಮಾತ್ರ ಪ್ರವೇಶ ಪರವಾನಗಿ ಬೇಕು. ವಿಮಾನದಲ್ಲೇ ಹೋಗಬೇಕೆಂದರೆ ಇಳಿಯಲು ಇರುವುದು ಅಗತ್ತಿಯ ಒಂದೇ ನಿಲ್ದಾಣ. ಬಂಗಾರಂ ಬಿಟ್ಟರೆ ಉಳಿದೆಡೆ ಪಾನನಿಷೇಧ ಎಂದು ತಿಳಿದಾಗ ಗೆಳೆಯರ ಬಳಗದಲ್ಲಿ ಅರ್ಧ ಜನರ ಉತ್ಸಾಹ ಇಳಿಯುತ್ತದೆ.

ಉಳಿದ ಅರ್ಧ ಮಂದಿ ಕೊನೆಗೆ ಮಲ್ಪೆಯ ಸೈಂಟ್ ಮೇರೀಸ್ ದ್ವೀಪಕ್ಕೆ ಇಳಿದು ಬರುತ್ತಾರೆ. ತೆಂಗು, ಮರಳು, ಜೊತೆಗೆ ಜ್ವಾಲಾಮುಖಿಯ ಕಂಬಗಲ್ಲು, ಬೇರೆಲ್ಲಿ ಸಿಕ್ಕೀತು? ರೆಸಾರ್ಟ್ ಮಾತ್ರ ಇಲ್ಲ, ರಾತ್ರಿ ಉಳಿಯುವಂತೆಯೂ ಇಲ್ಲ. ಮಳೆಗಾಲದಲ್ಲಿ ದೋಣಿ ಬಂದ್. ಹೋಗುವುದಿದ್ದರೆ ವಾಪಸ್ ಬರುವ ಕೊನೆಯ ದೋಣಿಯ ಹೊತ್ತು ಕೇಳಿಕೊಂಡೇ ಹತ್ತಿ, ಮಾರಾಯ್ರೆ.