ಹೊಟ್ಟನ್ನೂ ತೂಗಿ: ಅಲಸಂದೆ ತಳಿ ಆರಿಸುವವರಿಗೊಂದು ಬಹಿರಂಗ ಪತ್ರ



ನಮ್ಮ ಹೊಲದಲ್ಲಿ ಅಲಸಂದೆಗೆ ಎರಡು ಕಾಲ. ಭರಣಿ ಮಳೆ ಬಿದ್ದರೆ ಮೇ ಮೊದಲಲ್ಲೇ ಇಡೀ ಹೊಲಕ್ಕೆ ಬಿತ್ತುತ್ತೇವೆ. 80 ದಿನಕ್ಕೆ ಕಿತ್ತರೆ ಅದೇ ನೆಲಕ್ಕೆ ರಾಗಿ. ಆಮೇಲೆ ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಮತ್ತೆ ಅಲಸಂದೆ. ಮೊದಲನೆಯದಕ್ಕೆ ನೆಟ್ಟಗೆ ನಿಂತು ಒಮ್ಮೆಲೇ ಮಾಗುವ ಗಿಡ ಬೇಕು. ಎರಡನೆಯದಕ್ಕೆ ರಾಗಿಯ ನೆರಳು ತಾಳಿ, ವಾರಕ್ಕೊಮ್ಮೆ ಸಾರಿಗಾಗುವಷ್ಟು ಹಸಿಕಾಯಿ ಕೊಡುತ್ತ ಹೋಗುವ ಗಿಡ ಬೇಕು. ಎರಡನ್ನೂ ಎಕರೆಗೆ ಇಷ್ಟು ಕ್ವಿಂಟಲ್ ಎಂಬ ಒಂದೇ ಲೆಕ್ಕದಲ್ಲಿ ಅಳೆಯಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ.

ಕೆಲವು ವರ್ಷದ ಹಿಂದೆ ನಮ್ಮೂರಿಗೆ ಹೊಸ ಬೀಜದ ಕಿರುಚೀಲ ಬಂತು. ಗಿಡ್ಡ ಗಿಡ, ದಪ್ಪ ಕಾಳು. ಮುಂಗಾರಿಗೆ ಮುಂಚೆ ಬಿತ್ತಿದವರಿಗೆ ಒಳ್ಳೆಯ ಫಸಲು. ನಾನು ಅದನ್ನೇ ಅಕ್ಕಡಿಗೆ ಹಾಕಿದೆ. ರಾಗಿ ಮೇಲೆದ್ದಿತು, ಗಿಡ ಕೆಳಗೇ ಕುಳಿತಿತು. ಕಾಯಿ ಎಲೆಯೊಳಗೆ ಅಡಗಿ ಒಂದಕ್ಕೊಂದು ತಾಗಿಕೊಂಡಿದ್ದವು, ಬಿಡಿಸಿ ನೋಡಿದರೆ ಕಾಯಿಕೊರಕ. ಹಸುವಿಗೆ ಹೊಟ್ಟೂ ಸಿಗಲಿಲ್ಲ. ಬೀಜ ಕೊಟ್ಟವರು ಇದು ಯಾವ ಸಾಲಿಗೆ ಎಂದು ಹೇಳಿರಲೇ ಇಲ್ಲ.

ಗಿಡದ ಇಳುವರಿ ಎಂದರೆ ಕಾಯಿಗಳ ಸಂಖ್ಯೆ, ಕಾಯಿಯೊಳಗಿನ ಕಾಳು, ಕಾಳಿನ ತೂಕ. ಒಂದನ್ನು ಹಿಗ್ಗಿಸಿದರೆ ಇನ್ನೊಂದು ಕುಗ್ಗುವುದುಂಟು ಎಂದು ನೀವೇ ಬರೆದಿದ್ದೀರಿ. ಒಂಟಿ ಗಿಡದ ಫಸಲು ಮಣ್ಣು, ತೇವ ನೋಡಿಕೊಂಡು ಏರಿಳಿಯುತ್ತದೆ. ಮೊದಲ ತಲೆಮಾರುಗಳಲ್ಲಿ ಬರೀ ಅದನ್ನು ನೋಡಿ ಆರಿಸಿದರೆ ಮಕ್ಕಳಿಗೆ ಆ ಗುಣ ಇಳಿಯುವ ಭರವಸೆಯಿಲ್ಲ. ಹೂ ಬಿಡುವ ದಿನ, ಕಾಳಿನ ಗಾತ್ರ ಹಾಗಲ್ಲ, ಹೆಚ್ಚು ಖಚಿತವಾಗಿ ಇಳಿಯುತ್ತವೆ. ನಾನು ಇವುಗಳ ಜೊತೆಗೆ ಕಾಯಿಯ ತೊಟ್ಟನ್ನೂ ಸೇರಿಸುತ್ತೇನೆ. ಉದ್ದ ತೊಟ್ಟಿದ್ದು ಕಾಯಿ ಎಲೆಯ ಮೇಲೆ ಬಿಡಿಬಿಡಿಯಾಗಿ ನಿಂತರೆ ಕೊರಕಕ್ಕೆ ಅಡಗಲು ಜಾಗ ಕಡಿಮೆ, ಕೀಳುವ ಹೆಂಗಸರಿಗೆ ಸೊಂಟನೋವೂ ಕಡಿಮೆ. ಹೂವಿನ ಮಾತೂ ಇದೆ. ಅರಳಿದ್ದರಲ್ಲಿ ಹೆಚ್ಚಿನವು ಕಾಯಿಯಾಗದೆ ಉದುರುತ್ತವೆ, ರಾತ್ರಿಯ ಸೆಕೆ ಹೆಚ್ಚಾದರೆ ಪರಾಗವೇ ಕೆಡುತ್ತದೆ. ಈಚಿನ ಬೇಸಿಗೆಗಳನ್ನು ಕಂಡವಳು ನಾನು, ಆ ಸೆಕೆ ತಾಳುವ ಗಿಡವನ್ನು ಈಗಲೇ ಹುಡುಕಿ.

ಹುಡುಕಲು ಸಂಪತ್ತಿಗೆ ಕೊರತೆಯಿಲ್ಲ. ಅಲಸಂದೆ ಆಫ್ರಿಕಾದ ಕೂಸು. ನೈಜೀರಿಯದ ಇಬಾದಾನ್‌ನಲ್ಲಿ 1967ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯಲ್ಲಿ ಸುಮಾರು 15,000 ಬಗೆಯ ಅಲಸಂದೆ ಬೀಜಗಳಿವೆ. ನಮ್ಮ ಕಡೆ ಬಿತ್ತುವ ಐಟಿ-38956-1 ತಳಿ ಅಲ್ಲಿಂದ ಬಂದದ್ದೇ. ಅಷ್ಟು ದೂರದ ಗಿಡ ಇಲ್ಲಿ ಒಗ್ಗಿಕೊಂಡಿದೆ ಎಂದಮೇಲೆ ನಮ್ಮ ಅಜ್ಜಿಯರು ಮಡಕೆಯಲ್ಲಿ ಬೂದಿ ಬೆರೆಸಿ ಕಾಪಾಡಿದ ಹಬ್ಬುವ ನಾಟಿ ಅಲಸಂದೆ ತಡಗುಣಿಯ ಜೊತೆ ಅದನ್ನು ಕೂಡಿಸಿ ನೋಡಬಾರದೇ?

ಅಲಸಂದೆ ಬಹುಮಟ್ಟಿಗೆ ತನ್ನ ಹೂವಿನ ಪರಾಗದಿಂದಲೇ ಫಲಕಟ್ಟುವ ಬೆಳೆ. ಹಾಗಾಗಿ ಒಳ್ಳೆಯ ತಳಿ ಒಮ್ಮೆ ಕೈಗೆ ಸಿಕ್ಕರೆ ಬೀಜ ನಾವೇ ಎತ್ತಿಟ್ಟುಕೊಳ್ಳುತ್ತೇವೆ. ನಿಮ್ಮ ಒಂದು ಆಯ್ಕೆ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಅದಕ್ಕೇ ಇಷ್ಟು ಕಳಕಳಿ.

ಮುಂದಿನ ಪ್ರಯೋಗದಲ್ಲಿ ಒಂದು ತುಂಡು ನೆಲವನ್ನು ಔಷಧಿ ಹೊಡೆಯದೆ, ರಾಗಿಯ ನಡುವೆಯೇ ಇಡಿ. ಕಾಳು ತೂಗಿದ ದಿನವೇ ಹೊಟ್ಟನ್ನೂ ತೂಗಿ. ಆರು ತಿಂಗಳು ಕಳೆದು ಅದೇ ಕಾಳನ್ನು ಮತ್ತೆ ತೂಗಿ, ಹುಳ ಎಷ್ಟು ತಿಂದಿತೆಂದು ಬರೆದಿಡಿ. ಜಾಗ ಬೇಕಿದ್ದರೆ ನನ್ನ ಹೊಲದಲ್ಲಿ ನಾಲ್ಕು ಸಾಲು ಬಿಟ್ಟಿರುತ್ತೇನೆ.

ಇತಿ,
ನಿಮ್ಮ ಬೀಜ ಬಿತ್ತುವ ಒಬ್ಬ ರೈತ ಮಹಿಳೆ