ದೋಸಾಧಿಕರಣ

ಯಶಸ್ಸಿಗೆ ಕಾರಣ ಪ್ರತಿಭೆಯೋ, ಪರಿಶ್ರಮವೋ, ಪರಿಸ್ಥಿತಿಯೋ ಎಂಬ ಜಿಜ್ಞಾಸೆಗೆ ಪಂಡಿತರು ಈವರೆಗೆ ಗೆದ್ದವರ ಆತ್ಮಕಥೆಗಳನ್ನೇ ನೆಚ್ಚಿಕೊಂಡಿದ್ದಾರೆ. ಗೆದ್ದವನ ಮಾತು ಪ್ರಮಾಣವಾಗಲಾರದು. ಹಾರದ ಭಾರಕ್ಕೆ ಅವನ ಕತ್ತು ಹಿಂದೆ ತಿರುಗುವುದಿಲ್ಲ. ಆದ್ದರಿಂದ ಆತ್ಮಕಥೆ ಬರೆಯದ, ಆದರೂ ದಿನಬೆಳಗಾದರೆ ಗೆಲ್ಲುವ ಅಥವಾ ಸೋಲುವ ವಸ್ತುವೊಂದನ್ನು ಮೀಮಾಂಸಕರ ಪಂಚಾಂಗ ಕ್ರಮದಲ್ಲಿ ಇಲ್ಲಿ ಪರಿಶೀಲಿಸಲಾಗಿದೆ.

ವಿಷಯ
ವಸ್ತು ದೋಸೆ. ಕಾವಲಿಯಿಂದ ಎದ್ದರೆ ಯಶಸ್ಸು, ಕಚ್ಚಿಕೊಂಡರೆ ಸೋಲು. ಹರಿದು ಬರುವುದೆಂಬ ಮೂರನೆಯ ಅವಸ್ಥೆಯೂ ಇದೆ. ಅದರ ಮೇಲೆ ಚಟ್ನಿ ಹಾಕಿ ಮುಚ್ಚುವುದು ಶಿಷ್ಟಾಚಾರ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ‘ಧೋಸಕ’ವನ್ನು ಹೆಸರಿಸಿದ್ದಾನೆ. ಆದರೆ ಅರಸನ ತಟ್ಟೆಗೆ ಮೊದಲ ದೋಸೆ ಬೀಳುವುದಿಲ್ಲವಾದ್ದರಿಂದ ಅವನ ಸಾಕ್ಷ್ಯ ಅಪೂರ್ಣ.

ಸಂಶಯ
ಗೀತೆಯ 18ನೇ ಅಧ್ಯಾಯ ಪ್ರತಿ ಕೆಲಸಕ್ಕೂ ಐದು ಕಾರಣ ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ಅಧಿಷ್ಠಾನ ಕಾವಲಿ, ಕರ್ತೃ ಅಡುಗೆ ಭಟ್ಟರು, ಕರಣ ಸೌಟು, ಚೇಷ್ಟೆ ಅದನ್ನು ತಿರುಗಿಸುವ ಪರಿ. ದೈವವೆಂದರೆ ನೆಂಟರು ಕೂತ ಮೇಲೆ ಗ್ಯಾಸ್ ಮುಗಿಯುವುದು. ಹಿಟ್ಟಿನ ಪ್ರಸ್ತಾಪವೇ ಇಲ್ಲ. ರಣರಂಗದಲ್ಲಿ ರುಬ್ಬಲು ಪುರುಸೊತ್ತೆಲ್ಲಿ?

ಪೂರ್ವಪಕ್ಷ
ಇಲ್ಲಿ ಮೂರು ಪಂಥಗಳು.

ಹಿಟ್ಟಿನವರು ಪ್ರತಿಭಾವಾದಿಗಳು. ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು, ಚಿಟಿಕೆ ಮೆಂತ್ಯ. ಉಬ್ಬುವ ಹಿಟ್ಟು ರಾತ್ರೋರಾತ್ರಿ ತಾನೇ ಉಬ್ಬುತ್ತದೆ ಎನ್ನುತ್ತಾರೆ. ಆಕ್ಷೇಪ: ‘ತಾನೇ’ ಎಂಬುದು ಸುಳ್ಳು. ನಾವು ಗೊರಕೆ ಹೊಡೆಯುವಾಗ ಲ್ಯೂಕೊನೊಸ್ಟಾಕ್ ಮುಂತಾದ ಸೂಕ್ಷ್ಮಜೀವಿಗಳು ರಾತ್ರಿಪಾಳಿ ಮಾಡಿರುತ್ತವೆ. ಚಳಿಗಾಲದಲ್ಲಿ ಅವೂ ತಡವಾಗಿ ಏಳುತ್ತವೆ.

ಕೈಯವರು ಶ್ರಮವಾದಿಗಳು. ಸಾವಿರ ದೋಸೆ ಹುಯ್ದವನಿಗೆ ಸಾವಿರದ ಒಂದನೆಯದು ಕಚ್ಚದು ಎಂಬುದು ಇವರ ನಂಬಿಕೆ. ಆಕ್ಷೇಪ: ಅದೇ ಕೈಗೆ ಅಂಗಡಿಯಿಂದ ಆಗತಾನೆ ತಂದ ಕಬ್ಬಿಣದ ಕಾವಲಿ ಕೊಟ್ಟು ನೋಡಿ.

ಕಾವಲಿಯವರು ಪರಿಸ್ಥಿತಿವಾದಿಗಳು. ‘ಎಲ್ಲರ ಮನೆ ದೋಸೆ ತೂತಾದರೆ ನಮ್ಮ ಮನೆ ಕಾವಲಿಯೇ ತೂತು’ ಎಂಬ ಗಾದೆ ಇವರ ಶ್ರುತಿವಾಕ್ಯ. ಕಾದ ಕಬ್ಬಿಣದ ಮೇಲೆ ನೀರಹನಿ ಆರದೆ ಕುಣಿಯುವುದನ್ನು 1756ರಲ್ಲಿ ಲೈಡನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯ ಗ್ರಂಥಸ್ಥಗೊಳಿಸಿದ. ದೋಸೆಗೆ ಮುಂಚೆ ನೀರು ಚಿಮುಕಿಸುವ ನಮ್ಮ ಹೆಂಗಸರು ಗ್ರಂಥ ಬರೆಯದೆ ಕೆಟ್ಟರು. ಇವರ ಇನ್ನೊಂದು ಪುರಾವೆ ರವೆ ಇಡ್ಲಿ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ಅದನ್ನು ಕಂಡುಹಿಡಿದೆವೆಂದು ಬೆಂಗಳೂರಿನ ಎಂಟಿಆರ್‌ನವರು ಹೇಳುತ್ತಾರೆ. ಆಕ್ಷೇಪ: ಅಕ್ಕಿ ಊರಿಗೆಲ್ಲ ಸಿಗುತ್ತಿರಲಿಲ್ಲ. ಅಭಾವ ಎಲ್ಲರದು, ಇಡ್ಲಿ ಮಾತ್ರ ಒಬ್ಬರದು.

ಸಿದ್ಧಾಂತ
ಮೂರೂ ಪಂಥಗಳು ಕಾವಲಿಯನ್ನು ಸರಿಯಾಗಿ ನೋಡಿಲ್ಲ. ಕಾವಲಿ ಹುಟ್ಟುತ್ತಲೇ ಪಳಗಿರುವುದಿಲ್ಲ. ಎಣ್ಣೆ ಕಾದು ಕಾದು, ಪದರದ ಮೇಲೆ ಪದರ ಗಟ್ಟಿಯಾಗಿ, ಕಬ್ಬಿಣದ ಒರಟು ಮುಚ್ಚಿ ಕಪ್ಪಗೆ ನುಣುಪಾಗುತ್ತದೆ. ಅದಕ್ಕಾಗಿ ಎಷ್ಟೋ ದೋಸೆಗಳು ಕಚ್ಚಿಕೊಂಡಿರಬೇಕು, ಯಾರೋ ಅವನ್ನೆಲ್ಲ ಕೆರೆದಿರಬೇಕು. ಹಾಗಾಗಿ ‘ಪರಿಸ್ಥಿತಿ’ ಎಂದು ನಾವು ಕರೆಯುವುದು ಬೇರೆಯವರ ಹಳೆಯ ಶ್ರಮವನ್ನು. ಹಿಟ್ಟಿನ ಉಬ್ಬೂ ಕಾಣದ ಜೀವಿಗಳ ದುಡಿಮೆಯೆಂದು ಆಗಲೇ ತೋರಿಸಿದ್ದೇವೆ. ಶ್ರಮವೊಂದೇ ಕಾರಣ, ಸರಿ. ಅದರ ಬಹುಪಾಲು ನಮ್ಮದಲ್ಲ ಎಂಬಲ್ಲಿಗೆ ಸಿದ್ಧಾಂತ.

ಸಂಗತಿ
ಪ್ರಯೋಗಕ್ಕಾಗಿ ಈ ಲೇಖಕ ಮೊನ್ನೆ ಅಡುಗೆಮನೆ ಪ್ರವೇಶಿಸಿದ. ಅಷ್ಟರಲ್ಲಿ ಅಮ್ಮ ಮೊದಲ ದೋಸೆ ಹುಯ್ದು, ಅದು ಕಚ್ಚಿ, ಕೆರೆದು ತನ್ನ ತಟ್ಟೆಗೆ ಹಾಕಿಕೊಂಡು, ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಕಾವಲಿ ಉಜ್ಜಿ, ಉರಿ ಸಣ್ಣಗೆ ಮಾಡಿ, ಸೌಟನ್ನು ಇವನ ಕೈಗೆ ಕೊಟ್ಟಿದ್ದಳು. ಇವನು ಹುಯ್ದ. ದೋಸೆ ಅಂಚು ಬಿಟ್ಟು, ಹೊಂಬಣ್ಣಕ್ಕೆ ತಿರುಗಿ, ಎಲೆಯಂತೆ ಎದ್ದುಬಂತು.

“ನೋಡಿದ್ಯೇನಮ್ಮಾ, ನನ್ನ ಕೈಗುಣ!”

“ಹೂಂ ಕಣೋ, ನಿಂದೇ,” ಎಂದಳು ಅಮ್ಮ, ತಟ್ಟೆಯಲ್ಲಿದ್ದ ಚೂರುಗಳನ್ನು ಚಟ್ನಿಗೆ ಅದ್ದುತ್ತಾ. “ಇನ್ನೊಂದು ಹುಯ್ಯಿ.”