ಪರದೇಶ ಮಾರ್ಗನಕ್ಷಾ ಮೀಮಾಂಸೆ: ಫ್ರಾನ್ಸ್ ಕಾಂಡ

ಶಾಸ್ತ್ರಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಬೇಕೆಂಬುದು ಶಿಷ್ಟಾಚಾರ. ವಿಷಯ: ಫ್ರಾನ್ಸಿನಲ್ಲಿ ಬಾಡಿಗೆ ಕಾರು ಓಡಿಸುವವರು ಕೊಳ್ಳಬೇಕಾದ ರಸ್ತೆನಕ್ಷೆ. ಪ್ರಯೋಜನ: ಊರು ಸೇರುವುದು, ಸೇರುವ ಹೊತ್ತಿಗೂ ದಾಂಪತ್ಯ ಉಳಿದಿರುವುದು. ಸಂಬಂಧ: ಮೇಲೆ ಹೇಳಿದ ದಾಂಪತ್ಯವೇ. ಅಧಿಕಾರಿ: ಪಕ್ಕದ ಸೀಟಿನವರು. ಆ ದೇಶದಲ್ಲಿ ಸ್ಟೀರಿಂಗ್ ಎಡಕ್ಕಿರುವುದರಿಂದ ನಕ್ಷೆ ಹಿಡಿದವರು ಬಲಕ್ಕೆ, ಅಂದರೆ ನಮ್ಮಲ್ಲಿ ಚಾಲಕ ಕೂರುವ ಜಾಗದಲ್ಲಿ ಕೂತು, ಇಲ್ಲದ ಬ್ರೇಕನ್ನು ತುಳಿಯುತ್ತಿರುತ್ತಾರೆ. ಶಾಸ್ತ್ರಾಧ್ಯಯನಕ್ಕೆ ಬೇಕಾದ ವೈರಾಗ್ಯ ಅವರಿಗೆ ಮೊದಲ ತಿರುವಿನಲ್ಲೇ ಒದಗುತ್ತದೆ.

ಅಥ ಪ್ರಮಾಣವಿಚಾರ

ಮಿಷೆಲಿನ್‌ನ 721ನೇ ನಕ್ಷೆ ಇಡೀ ಫ್ರಾನ್ಸನ್ನು 1:10,00,000 ಪ್ರಮಾಣಕ್ಕೆ ಇಳಿಸುತ್ತದೆ. ಸುಮಾರು ಸಾವಿರ ಕಿಲೊಮೀಟರಿನ ದೇಶ ಒಂದು ಮೀಟರಿಗೆ ಬಂತು. ಕಾರಿನೊಳಗೆ ಬಿಚ್ಚಿದರೆ ಚಾಲಕನಿಗೆ ಫ್ರಾನ್ಸ್ ಪೂರ್ತಿ ಕಾಣುತ್ತದೆ, ರಸ್ತೆ ಕಾಣುವುದಿಲ್ಲ. ಇನ್ನೊಂದು ತುದಿಯಲ್ಲಿ ಸರ್ಕಾರಿ ಸಂಸ್ಥೆ ಐಜಿಎನ್‌ನ 1:25,000 ನಕ್ಷೆಗಳು. ಅವುಗಳಲ್ಲಿ ಕಾಲುದಾರಿಗೂ ಸ್ಥಾನವುಂಟು. ಆದರೆ ಎಲ್ಲವನ್ನೂ ಜೋಡಿಸಿ ಹಾಸಲು ನಲವತ್ತು ಮೀಟರ್ ಉದ್ದಗಲದ ಅಂಗಳ ಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವವರು ಇಪ್ಪತ್ತು ನಿಮಿಷಕ್ಕೊಂದು ಹಾಳೆ ಬದಲಿಸುತ್ತಿರಬೇಕು.

ಆದ್ದರಿಂದ 1:2,00,000 ಎಂಬ ಮಧ್ಯಮ ಮಾರ್ಗ. 1910ರಿಂದ ಮಿಷೆಲಿನ್ ಫ್ರಾನ್ಸನ್ನು ಈ ಪ್ರಮಾಣದಲ್ಲಿ 47 ಹಾಳೆಗಳಾಗಿ ಹಂಚಿ ಮಾರತೊಡಗಿತು. ಟೈರ್ ಕಂಪನಿ ನಕ್ಷೆ ಮಾರುವುದರ ಮರ್ಮ ಸ್ಪಷ್ಟ: ದಾರಿ ತಿಳಿದಷ್ಟೂ ತಿರುಗಾಟ, ತಿರುಗಿದಷ್ಟೂ ಸವೆತ. ದಾರಿ ತಪ್ಪಿದರೆ ಸವೆತ ಇನ್ನೂ ಹೆಚ್ಚು. ಹಾಗಿದ್ದೂ ನಕ್ಷೆಯನ್ನು ಸರಿಯಾಗಿಯೇ ಮಾಡಿದ್ದು ಆ ಕಂಪನಿಯ ಸಜ್ಜನಿಕೆ.

ಅಥ ಪೂರ್ವಪಕ್ಷ

‘ಮೊಬೈಲ್ ಇರುವಾಗ ಕಾಗದವೇಕೆ?’ ಎಂದರೆ, ಮೊಬೈಲು ಬೇಗ ಮುಟ್ಟುವ ದಾರಿಯನ್ನೇ ಹಿಡಿದು ಟೋಲ್ ಕಟ್ಟಿಸುತ್ತದೆ. ಮಿಷೆಲಿನ್ ನಕ್ಷೆಯಲ್ಲಾದರೋ ಸುಂದರ ರಸ್ತೆಯ ಅಂಚಿಗೆ ಹಸಿರು ಗೆರೆ, ಏರಿಗೆ ಬಾಣ. ಒಂದು ಬಾಣವೆಂದರೆ ಏರು ಶೇ. 5ರಿಂದ 9, ಎರಡೆಂದರೆ 9ರಿಂದ 13, ಮೂರೆಂದರೆ ಅದಕ್ಕೂ ಮೇಲೆ. ಹಸಿರು ಗೆರೆ, ಮೂರು ಬಾಣ ಎರಡೂ ಒಂದೇ ರಸ್ತೆಗೆ ಬಿದ್ದಲ್ಲಿ ಗೆರೆ ಪಕ್ಕದ ಸೀಟಿಗೆ, ಬಾಣ ಚಾಲಕನಿಗೆ ಎಂದು ವಿಭಾಗ.

‘ಭಾವನ ಕಪಾಟಿನಲ್ಲಿ ಹಳೆಯ ನಕ್ಷೆಯಿದೆ’ ಎಂಬುದು ಎರಡನೆಯ ಪೂರ್ವಪಕ್ಷ. ಅದೂ ನಿಲ್ಲದು. 2006ರಲ್ಲಿ ಫ್ರೆಂಚ್ ಸರ್ಕಾರ ಸುಮಾರು 18,000 ಕಿ.ಮೀ. ರಾಷ್ಟ್ರೀಯ ರಸ್ತೆಯನ್ನು ಜಿಲ್ಲಾಡಳಿತಗಳಿಗೆ ವಹಿಸಿತು, ನಂಬರುಗಳೂ ಬದಲಾದವು. 1815ರಲ್ಲಿ ಎಲ್ಬಾದಿಂದ ಮರಳಿದ ನೆಪೋಲಿಯನ್ ಹಿಡಿದ ಹಾದಿ, ಗ್ರಾಸ್ ಪಟ್ಟಣದ ಬಳಿ ಎನ್85 ಆಗಿದ್ದದ್ದು, ಈಗ ಡಿ6085. ನೆಪೋಲಿಯನ್ನನಿಗೆ ನಂಬರು ಬೇಕಿರಲಿಲ್ಲ, ಹಿಂದೆ ಸೈನಿಕರಿದ್ದರು. ನಿಮ್ಮ ಹಿಂದೆ ಇರುವುದು ಹಾರ್ನ್ ಹೊಡೆಯುವ ಲಾರಿ.

ಅಥ ಮತಭೇದ

ಫ್ರೆಂಚ್ ಪಟ್ಟಣಗಳಲ್ಲಿ ‘ಎಲ್ಲ ದಿಕ್ಕುಗಳಿಗೆ’ ಎಂಬ ಫಲಕಕ್ಕೆ ಒಂದೇ ಬಾಣವಿರುತ್ತದೆ. ಇದು ಅದ್ವೈತ. ಮುಂದೆ ಒಂದು ಬಾಣಕ್ಕೆ ಯಾವುದೋ ಊರಿನ ಹೆಸರು, ಇನ್ನೊಂದಕ್ಕೆ ‘ಇತರ ದಿಕ್ಕುಗಳಿಗೆ’. ಇದು ದ್ವೈತ. ನಿರ್ಣಯವಾಗುವತನಕ ವೃತ್ತ ಸುತ್ತುತ್ತಿರೋಣವೆಂದರೆ, ಬಲಬದಿಯ ಸಂಚಾರವಾದ್ದರಿಂದ ಅಲ್ಲಿ ಸುತ್ತುವುದೆಲ್ಲ ಅಪ್ರದಕ್ಷಿಣೆ; ಪುಣ್ಯವೂ ಇಲ್ಲ, ಡೀಸೆಲ್ಲೂ ದಂಡ. ಮುಂದೆ ಬರುವ ಮೂರು ಊರುಗಳ ಹೆಸರನ್ನು ನಕ್ಷೆ ನೋಡಿ ಮೊದಲೇ ಬಾಯಿಪಾಠ ಮಾಡಿಕೊಳ್ಳುವುದು ಉಭಯಮತ ಸಮ್ಮತ.

ಅಥ ಸಿದ್ಧಾಂತ

ಹತ್ತು ಲಕ್ಷದ ನಕ್ಷೆ ರಾತ್ರಿ ಮಂಚದ ಮೇಲೆ ಜಗಳಕ್ಕೆ. ಎರಡು ಲಕ್ಷದ್ದು ಹಗಲು ತೊಡೆಯ ಮೇಲೆ ದಾರಿಗೆ. ಮೊಬೈಲು ಊರೊಳಗೆ ಹೋಟೆಲಿನ ಬಾಗಿಲಿಗೆ. ಬಿಚ್ಚಿದ ನಕ್ಷೆಯನ್ನು ಮೊದಲಿನಂತೆ ಮಡಿಸುವ ವಿದ್ಯೆ ಗುರುಮುಖದಿಂದಲೂ ಸಿದ್ಧಿಸದು.

ಫಲಶ್ರುತಿ

ಹೊರಡುವ ಮುನ್ನಾದಿನ ಇದನ್ನು ಓದಿದ ಚಾಲಕರಿಗೆ ಮೌನವೂ ಪಕ್ಕದವರಿಗೆ ಕೊನೆಯ ಮಾತೂ ಲಭಿಸುವುದು. ಓದದೆ ಹೊರಟವರಿಗೂ ಫ್ರಾನ್ಸ್ ದರ್ಶನ ತಪ್ಪದು. ನೋಡಬೇಕೆಂದುಕೊಂಡಿದ್ದ ಭಾಗದ್ದಲ್ಲ, ಅಷ್ಟೆ.